ಟಗರು ಒಪ್ಪಿದ ಮನೆ

ಅಕ್ಕಲಕೋಟದಿಂದ ಸೊಲ್ಲಾಪುರದವರೆಗೆ ಹುಡುಕಿದರೂ ನನ್ನ ತಮ್ಮನಂಥ ಜಾಣ ಗಿರಾಕಿ ನಿಮಗೆ ಸಿಗಲಾರ. ಒಂದೇ ಷರತ್ತು: ಕೊಳ್ಳುವ ವಸ್ತು ಕಂಕುಳಲ್ಲಿ ಹಿಡಿಯುವಷ್ಟು ಚಿಕ್ಕದಿರಬೇಕು. ಅದಕ್ಕಿಂತ ದೊಡ್ಡದಾದರೆ ಅವನ ಬುದ್ಧಿ ಕಣ್ಣು ಮುಚ್ಚಿಕೊಂಡು ಮಲಗಿಬಿಡುತ್ತದೆ!

ಸಂತೆಯಲ್ಲಿ ಅವನು ಕೊಡ ಕೊಳ್ಳುವುದನ್ನು ನೋಡಬೇಕು ನೀವು. ಮೊದಲು ಬಿಸಿಲಿಗೆ ಹಿಡಿದು, ಕೊಡದ ಬಾಯಿಗೆ ಮುಖ ಹಚ್ಚಿ ತೂತು ಹುಡುಕುತ್ತಾನೆ. ಆಮೇಲೆ ಎಲ್ಲಿಂದಲೋ ನೀರು ತಂದು ತುಂಬಿಸುತ್ತಾನೆ. ಒಂದು ಬೀಡಿ ಸೇದಿ ಮುಗಿಯುವವರೆಗೆ ಕೊಡದ ಬುಡವನ್ನು ಒರೆಸಿ ಒರೆಸಿ ಕೈ ನೋಡಿಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಅಂಗಡಿಯವನಿಗೆ ಜೀವ ಬೇಸರವಾಗಿರುತ್ತದೆ.

ಕುರಿ ಕೊಳ್ಳುವುದಂತೂ ಅರ್ಧ ದಿನದ ಕೆಲಸ. ಬಾಯಿ ಬಿಡಿಸಿ ಹಲ್ಲು ನೋಡಬೇಕು, ಕೆಳರೆಪ್ಪೆ ಎಳೆದು ಕಣ್ಣು ನೋಡಬೇಕು, ಉಣ್ಣೆ ಸರಿಸಿ ಚರ್ಮ, ಬಾಲ ಎತ್ತಿ ಮತ್ತೊಂದು. ನಡೆಸಬೇಕು, ಓಡಿಸಬೇಕು, ಜೊತೆಗೆ ತಾನೂ ಓಡಬೇಕು. ಒಮ್ಮೆ ಅಕ್ಕಲಕೋಟದ ಸಂತೆಯಲ್ಲಿ ಮಾರುವವನು ಬೇಸತ್ತು ಕೇಳಿಯೇಬಿಟ್ಟ.

"ಏ ಪಾವಣ್ಯಾ, ಕುರಿ ಒಯ್ಯಾಕ ಬಂದೀಯೋ, ಇದಕ್ಕ ಮಗಳ ಕೊಡಾಕ ಬಂದೀಯೋ?"

"ಮಗಳ ಕೊಡೋದಿದ್ರ ಇಷ್ಟ ನೋಡತಿದ್ದಿಲ್ಲ ಬಿಡೋ," ಎಂದ ನಮ್ಮವನು.

ಸುಳ್ಳಲ್ಲ. ಅವನ ಹೆಂಡತಿಯೇ ಸಾಕ್ಷಿ. "ನನ್ನ ನೋಡಾಕ ಬಂದಾಗ ಚಾ ಕುಡುದ್ರು, ಹೂಂ ಅಂದ್ರು, ಎದ್ದ ಹೋದ್ರು. ನಾ ಕುಂಟಿನೋ ಕುರುಡಿನೋ, ಅದೂ ನೋಡಲಿಲ್ಲ," ಎಂದು ಅವಳು ಈಗಲೂ ಹಂಗಿಸುತ್ತಾಳೆ.

ಇಂಥವನು ಮನೆ ಕೊಳ್ಳಲು ಹೊರಟ! ಮೊಣಕಾಲುಗಳು ಇನ್ನು ಕುರಿಯ ಹಿಂದೆ ಓಡೆವು ಎಂದಾಗ ಬೋರಾಮಣಿಯಲ್ಲಿದ್ದ ಹಿಂಡನ್ನು ಮಾರಿದ. ಒಂದು ಮುದಿ ಟಗರನ್ನು ಮಾತ್ರ ಉಳಿಸಿಕೊಂಡ. ಸೊಲ್ಲಾಪುರದ ಅಂಚಿಗೆ, ಕುಂಭಾರಿ ಕಡೆ, ಒಂದು ಮನೆ ನೋಡುತ್ತೇನೆಂದ.

ನನಗೇನು, ಎನ್ನುವ ಹಾಗಿರಲಿಲ್ಲ. ಗಂಡ ಸತ್ತಾಗಿನಿಂದ ನಾನು ಸೊಲ್ಲಾಪುರದಲ್ಲಿ ಬೀಡಿ ಕಟ್ಟಿಕೊಂಡು ಬಾಡಿಗೆ ಖೋಲಿಯಲ್ಲಿದ್ದವಳು. ಹನ್ನೊಂದು ತಿಂಗಳಾಯಿತೆಂದರೆ ಮಾಲೀಕರಿಗೆ ಏನಾದರೊಂದು ನೆನಪಾಗುತ್ತದೆ. ಒಬ್ಬನಿಗೆ ಮಗನ ಮದುವೆ, ಇನ್ನೊಬ್ಬನಿಗೆ ನನ್ನ ತಂಬಾಕಿನ ವಾಸನೆ. ಗಂಟು ಕಟ್ಟು, ಬಿಚ್ಚು, ಮತ್ತೆ ಕಟ್ಟು. "ಅಕ್ಕಾ, ಹೊಸ ಮನ್ಯಾಗ ಒಂದ ಖೋಲಿ ನಿಂದು. ಸಾಯೂತನ ಯಾರೂ ಏಳಸಂಗಿಲ್ಲ," ಎಂದಿದ್ದ ತಮ್ಮ. ಹಾಗಾಗಿ ಅವನು ಕೊಳ್ಳುವ ಮನೆ ಎಂದರೆ ನನ್ನ ಕೊನೆಯ ಮನೆಯೂ ಹೌದು. ನಾನೂ ಹಿಂದೆ ಹಿಂದೆ ಹೋದೆ.

ಅವನ ತಪಾಸಣೆಯಲ್ಲಿ ಮೂರೇ ಪ್ರಶ್ನೆ. ಬಾಗಿಲು ಯಾವ ದಿಕ್ಕಿಗೆ? ಮೆಟ್ಟಿಲು ಬೆಸವೋ ಸಮವೋ? ಮಾರುವವರ ಮನೆದೇವರು ಯಾವುದು? ಮುಗಿಯಿತು! ನಲ್ಲಿ ತಿರುಗಿಸಲಿಲ್ಲ. ಮಾಳಿಗೆ ಹತ್ತಲಿಲ್ಲ. ಕೊಡಕ್ಕೆ ನೀರು ತುಂಬಿಸಿ ನೋಡುವ ಮನುಷ್ಯ ಮಾಳಿಗೆಯ ಮೇಲೆ ಒಂದು ಬಕೀಟು ನೀರು ಸುರಿದು ನೋಡಬಾರದೇ? ಗೋಡೆಗೆಲ್ಲ ಹೊಸದಾಗಿ ಗುಲಾಬಿ ಬಣ್ಣ ಬಳಿದಿದ್ದರು. ಮುದುಕಿ ಒಮ್ಮೆಲೇ ಪೌಡರ್ ಹಚ್ಚಿಕೊಂಡು ಕುಳಿತರೆ ಯಾಕೆಂದು ಕೇಳಬೇಕೋ ಬೇಡವೋ?

ಮನೆ ತೋರಿಸಿದ ಏಜೆಂಟ ಗೋಡೆಗೆ ಗುದ್ದಿ ಹೇಳಿದ. "ಕಾಕಾ, ಏಕದಂ ಮಜಬೂತ. ಆನಿ ಬಂದ ಗುದ್ದಿದ್ರೂ ಅಲುಗಾಡಂಗಿಲ್ಲ."

"ಆನಿ ಸುದ್ದಿ ಬಿಡಪಾ, ಮಳಿ ಬಂದ್ರ?" ಎಂದೆ ನಾನು.

"ಅಹೋ ಮಾವಶಿ, ನಮ್ಮ ಸೋಲಾಪುರದಾಗ ಮಳಿ ಎಲ್ಲೈತ್ರಿ!" ಎಂದು ನಕ್ಕ ಆ ಪುಣ್ಯಾತ್ಮ.

ಹೊರಗೆ ಬಂದ ಮೇಲೆ ತಮ್ಮನಿಗೆ ಹೇಳಿದೆ. "ನನ್ನ ಖೋಲಿ ಮಾಲಕರ ಮಗಳು ಎಂಜಿನಿಯರ್ ಅದಾಳ. ಮನಿ ನೋಡಿ ಹುಳಕ ಹೇಳೂದ ಅಕಿ ಕೆಲಸ. ಅಕಿಗೆ ಒಂದಿಷ್ಟ ಫೀ ಕೊಟ್ಟ ತೋರಸೋ."

"ಆ ಪೋರಿ ನನಗ ಹೇಳತಾಳ? ನಾ ಕುರಿ ಕಣ್ಣ ನೋಡಿ ರೋಗ ಹೇಳಾಂವ ಅಕ್ಕಾ!"

"ಹೇಳಪಾ. ಗೋಡಿಗೆ ಕಣ್ಣ ಎಲ್ಲಿರತಾವ?"

"ಗೋಡಿ ಏನ ಕುರಿ ಐತೇನ, ರೋಗ ಬರಾಕ?"

ಅವನಿಗೆ ಎಂಜಿನಿಯರ್ ಬೇಡ, ಟಗರು ಸಾಕು. ನಮ್ಮ ಮನೆತನದ ಪದ್ಧತಿ ಅದು. ಗುಡಿಸಲು ಹಾಕುವಾಗ, ಹಿಂಡು ತರುಬುವ ಜಾಗ ಹಿಡಿಯುವಾಗ, ಮೊದಲು ಅಲ್ಲಿ ಟಗರನ್ನು ಬಿಡುವುದು. ಅದು ತಾನಾಗಿ ಮಲಗಿದರೆ ನಮ್ಮ ಮನೆದೇವರು ಬೀರೋಬಾ ಒಪ್ಪಿದ. ನಿಂತೇ ಇದ್ದರೆ ಜಾಗ ಬಿಡಬೇಕು. ಬಯಲಿನಲ್ಲಿ ಇದು ತಪ್ಪೆಂದು ನಾನು ಅನ್ನುವುದಿಲ್ಲ. ಆದರೆ ಟೈಲ್ಸ್ ಹಾಕಿದ ಮನೆಗೆ?

ಮೇ ತಿಂಗಳ ನಡುಹಗಲು. ಚಪ್ಪಲಿ ಡಾಂಬರಿಗೆ ಅಂಟುವಂಥ ಬಿಸಿಲು. ಟಗರು ರಿಕ್ಷಾದಲ್ಲಿ ಬಂತು. ಜಾಗ ಸಾಲದೆ ನಾನು ನಡೆದು ಬಂದೆ! ಅದು ನಾಲಿಗೆ ಚಾಚಿಕೊಂಡು ಪಡಸಾಲೆ ಸುತ್ತಿತು, ಅಡುಗೆಮನೆ ಮೂಸಿತು, ಎರಡೂ ಕಡೆ ಹಿಕ್ಕೆ ಹಾಕಿತು. ಕೊನೆಗೆ ಹಿಂದಿನ ಚಿಕ್ಕ ಖೋಲಿಗೆ, ಅಂದರೆ ನನಗೆಂದು ಗೊತ್ತುಮಾಡಿದ ಖೋಲಿಗೆ ಹೋಗಿ, ಮೂಲೆಯಲ್ಲಿ ಗೋಡೆಗೆ ಹೊಟ್ಟೆ ಒತ್ತಿ, ಗದ್ದ ನೆಲಕ್ಕಿಟ್ಟು ಮಲಗಿತು. ಎಬ್ಬಿಸಿದರೂ ಏಳಲೊಲ್ಲದು!

"ಬೀರೋಬಾನ ಹೆಸರಲೆ ಚಾಂಗಭಲೋ!" ತಮ್ಮ ಭಂಡಾರದ ಅರಿಶಿನ ಹಾರಿಸಿದ. ಗುಲಾಬಿ ಗೋಡೆ ಹಳದಿಯಾಯಿತು.

ಏಜೆಂಟ ಟಗರಿಗೆ ಕೈ ಮುಗಿದ. "ಮಾವಶಿ, ನಾ ಮೂರ ತಿಂಗಳ ಮಾತಾಡಿ ಆಗಲಾರದ ಸೌದಾ, ಇದು ಮಲಗಿ ಮುಗಿಸ್ತ ನೋಡ್ರಿ!"

ಮನೆ ಕೊಂಡು ಗಂಟುಮೂಟೆ ತಂದು ಒಕ್ಕಲಾದೆವು, ಜೂನ್‌ನಲ್ಲಿ ಮಳೆ ಬಂತು. ಸೊಲ್ಲಾಪುರದಲ್ಲಿ ಮಳೆಯೇ ಇಲ್ಲವೆಂದವನು ಫೋನು ಎತ್ತುವುದನ್ನು ಬಿಟ್ಟ. ಮಾಳಿಗೆ ಸೋರಲಿಲ್ಲ, ಅದನ್ನು ಒಪ್ಪುತ್ತೇನೆ. ನೀರು ಬಂದದ್ದು ಕೆಳಗಿನಿಂದ! ನನ್ನ ಖೋಲಿಯ ಮೂಲೆಯಲ್ಲಿ ನೆಲ ಬೆವರಿತು. ಗೋಡೆಯ ಬಣ್ಣ ಪೂರಿಯ ಹಾಗೆ ಉಬ್ಬಿ ಒಡೆಯಿತು. ಟೈಲ್ಸ್ ಕಾಲಿಟ್ಟಲ್ಲೆಲ್ಲ ತೊಟ್ಟಿಲಿನ ಹಾಗೆ ತೂಗಿದವು. ಟ್ರಂಕಿನ ಬುಡಕ್ಕೆ ತುಕ್ಕು, ಕೌದಿಗೆ ಮುಗ್ಗು ವಾಸನೆ, ಬೀಡಿ ಎಲೆಗೆ ಬೂಷ್ಟು. ಕಟ್ಟಿದ ಬೀಡಿ ಒಯ್ದರೆ ಕಾರಖಾನೆಯವನು ಮೂಸಿ ನೋಡಿ ಕೇಳಿದ. "ಆಜಿ, ಇವನ್ನ ಮನ್ಯಾಗ ಕಟ್ಟೀಯೋ, ಬಾವ್ಯಾಗಿಂದ ಎತ್ತೀಯೋ?" ಕಟ್ಟುಗಳನ್ನೆಲ್ಲ ಬದಿಗೆಸೆದ.

ಆಗ ನಾನು ಯಾರ ಮಾತೂ ಕೇಳಲಿಲ್ಲ. ಆ ಎಂಜಿನಿಯರ್ ಹುಡುಗಿಯನ್ನು ಕರೆತಂದೆ. ಅವಳು ದಿಕ್ಕು ಕೇಳಲಿಲ್ಲ, ದೇವರನ್ನು ಕೇಳಲಿಲ್ಲ. ಸಣ್ಣ ಸುತ್ತಿಗೆಯಿಂದ ಟೈಲ್ಸ್ ಬಡಿದು ಕಿವಿಗೊಟ್ಟಳು. ಮುಚ್ಚಿದ ಕಪಾಟು ತೆಗೆದು ಮೂಸಿದಳು. ನೆರೆಮನೆಯ ಮುದುಕನ ಹತ್ತಿರ ಹೋಗಿ ಎರಡು ಮಾತಾಡಿ ಬಂದಳು. ಕೊಟ್ಟ ಚಹಾ ಇನ್ನೂ ಆರಿರಲಿಲ್ಲ.

"ಕಾಕಾ, ಈ ಖೋಲಿ ಕೆಳಗ ಮೊದಲ ಬಾವಿ ಇತ್ತಂತ್ರಿ. ಮುಚ್ಚಿ ಮ್ಯಾಲ ಕಟ್ಟ್ಯಾರ. ನೆಲ ಅಗದು ಸರಿ ಮಾಡಬೇಕು, ಸುತ್ತ ನೀರ ಹೋಗಾಕ ದಾರಿ ಮಾಡಬೇಕು. ಬರೂ ಬ್ಯಾಸಗಿತನ ಇಲ್ಲಿ ಯಾರೂ ಮಲಗಬ್ಯಾಡ್ರಿ." ಆಮೇಲೆ ಮೂಲೆಯ ಗೋಡೆಗೆ ಅಂಗೈ ಒತ್ತಿದಳು. "ಈ ಮೂಲಿ ಬ್ಯಾಸಗ್ಯಾಗೂ ತಣ್ಣಗ ಇರತೈತ್ರಿ. ಮನಿ ನೋಡಾಕ ಬಂದಾಗ ಯಾರಿಗೂ ಗೊತ್ತಾಗಲಿಲ್ಲೇನ?"

"ಟಗರಿಗೆ ಗೊತ್ತಾಗಿತ್ತವ್ವಾ," ಎಂದೆ.

ಹುಡುಗಿ ಹೋದ ಮೇಲೆ ತಮ್ಮನನ್ನು ಹಿಡಿದುಕೊಂಡೆ. "ಜೀವಮಾನ ಎಲ್ಲಾ ಕುರಿ ಕಾದೀಯೋ ಖೋಡಿ! ಉರಿ ಬಿಸಲಾಗ ಕುರಿ ಎಂಥಲ್ಲಿ ಮಲಗತಾವ, ನಿನಗ ತಿಳೀಲಿಲ್ಲ?"

"ತಿಳದಿತ್ತು," ಎಂದ.

ಅವನು ನೆಲ ನೋಡುತ್ತ ಹೇಳಿದ.

"ಟಗರಿಂದು ನೆವ ಅಕ್ಕಾ. ಅದು ನಿಂತಿದ್ರೂ ನಾ ಈ ಮನಿ ಬಿಡತಿದ್ದಿಲ್ಲ. ಮೊದಲನೇ ಸಲ ನೋಡಾಕ ಬಂದಾಗ ನೀ ಈ ಕಿಡಕಿ ಕೆಳಗ ಕಾಲ ಚಾಚಿ ಕುಂತಿ. ಬೀಡಿ ಕಟ್ಟೂ ಮೊರ ಎಲ್ಲಿ ಇಡಬೇಕು, ಕತ್ತರಿ ಎಲ್ಲಿ ಇಡಬೇಕು ಅಂತ ಕೈ ಆಡಸಿ ನೋಡಾಕತ್ತಿದ್ದಿ. ಏಜಂಟ ಏನ ಹೇಳತಿದ್ನೋ, ನನಗೊಂದೂ ಕೇಳಲಿಲ್ಲ. ನಿನ್ನ ಮಾರಿ ನೋಡತಿದ್ದೆ. ಗೋಡಿ ಯಾವಾಗ ನೋಡಲಿ?"

ಹಾಗೆ ಕುಳಿತದ್ದು ನನಗೆ ನೆನಪೇ ಇಲ್ಲ. ಕುಳಿತಿರಬಹುದು.

ಅದಕ್ಕೇ ಹೇಳುತ್ತೇನೆ, ಮನೆ ಕೊಳ್ಳುವ ಮೊದಲು ದುಡ್ಡು ಕೊಟ್ಟಾದರೂ ಗುರುತಿಲ್ಲದವರಿಂದ ತಪಾಸಣೆ ಮಾಡಿಸಿ. ನಿಮ್ಮ ಮೇಲೆ ಅವರಿಗೇನೂ ಮಾಯೆ ಮಮತೆ ಇರುವುದಿಲ್ಲ, ಗೋಡೆಯನ್ನೇ ನೋಡುತ್ತಾರೆ. ಒಡಹುಟ್ಟಿದವರನ್ನು ಕರೆದೊಯ್ದರೆ ನನ್ನ ಗತಿಯೇ ನಿಮಗೂ.

ಈಗ ಪಡಸಾಲೆಯಲ್ಲಿ ಮಲಗುತ್ತೇನೆ, ಖೋಲಿಯಲ್ಲಿ ನೆಲ ಅಗೆಯುತ್ತಿದ್ದಾರೆ. ಅವತ್ತು ಇನ್ನೂ ನಾಲ್ಕು ಬೈಗುಳ ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಅವನು ಮತ್ತೆ ನನ್ನ ಮುಖವನ್ನೇ ನೋಡುತ್ತಿದ್ದ. ಅದನ್ನು ನೋಡುತ್ತ ಇನ್ನೇನಾದರೂ ಕೊಂಡುಬಿಟ್ಟಾನೆಂದು ಸೆರಗನ್ನು ಮುಖದ ಮೇಲೆಳೆದುಕೊಂಡೆ.