ಮೀನಿಗೆ ಹಾಕಿದ ಚಿನ್ನದ ಸರ

ನಾನು ಕೈಕಟ್ಟಿ ಕೂತ್ರೂ ನಮ್ಮನೆಲಿ ಏನಾದ್ರೂ ಒಂದು ಆಗ್ತಾನೇ ಇರ್ತದೆ. ಆಫ್ರಿಕಾದ ಸಿಕ್ಲಿಡ್ ಮೀನು ತಂದ ಮೇಲಂತೂ ನಾನು ಕೀಟಲೆ ಮಾಡೋದೇ ಬೇಡ, ಅವೇ ಮಾಡ್ತವೆ.

ಸುಣ್ಣ

ಚಿಕ್ಕಮಗಳೂರಿನ ಮೀನಿನ ಅಂಗಡಿಯವನು ಹಳದಿ ಮೀನು ಕೊಡುವಾಗಲೇ ಹೇಳಿದ್ದ. ಇವು ಆಫ್ರಿಕಾದ ಸರೋವರದವು, ನಿಮ್ಮ ಮಲ್ಲಂದೂರಿನ ನೀರು ಇವಕ್ಕೆ ಸಪ್ಪೆ, ಸುಣ್ಣದ ಅಂಶ ಬೇಕು, ಕಪ್ಪೆಚಿಪ್ಪಿನ ಪುಡಿ ಹಾಕು ಅಂತ. ಅಂಗಳದಲ್ಲಿ ಕೂತು ಚಿಪ್ಪು ಕುಟ್ಟುವಾಗ ತೋಟದ ಮೇಸ್ತ್ರಿ ಬಂದ್ರು. ಯಾಕೆ ಏನು ಅಂತ ಪೂರ್ತಿ ಕೇಳಿಸ್ಕೊಂಡ್ರು.

"ಕಾಫಿ ಗಿಡಕ್ಕೂ ಸುಣ್ಣ, ಮೀನಿಗೂ ಸುಣ್ಣ. ಸರಿ ಮಾರಾಯ, ಗೊಬ್ಬರ ಯಾವಾಗ?"

ಬೈಕಿನ ಕೀ

ಈ ಮೀನುಗಳು ಬಾಯಿ ತುಂಬ ಮರಳು ತುಂಬಿಕೊಂಡು ಹೋಗಿ ಇನ್ನೊಂದು ಕಡೆ ಉಗೀತವೆ. ದಿನವಿಡೀ ಇದೇ ಕೆಲಸ. ಒಂದಿನ ತಮಾಷೆಗೆ ಅಪ್ಪನ ಬೈಕಿನ ಕೀ ಟ್ಯಾಂಕಿನೊಳಗೆ ಹಾಕಿಟ್ಟೆ. ಬೆಳಿಗ್ಗೆ ನೋಡಿದ್ರೆ ಕೀ ಇಲ್ಲ, ಆ ಜಾಗದಲ್ಲಿ ಮರಳಿನ ಗುಡ್ಡ. ಅಪ್ಪ ಅಂಗಿ ತೋಳು ಮಡಚಿ, ಕೈ ಹಾಕಿ ಹುಡುಕಿದ್ರು. ತೋಟಕ್ಕೆ ಹಂದಿ ನುಗ್ಗೋದು ಸಾಲ್ದು ಅಂತ ಇವನು ಮನೆಗೂ ತಂದಿದಾನೆ ಅಂತ ಗೊಣಗಿದ್ರು.

ಅಮ್ಮ ಗೊಣಗಲಿಲ್ಲ. ಇನ್ನೊಂದು ವಸ್ತು ಟ್ಯಾಂಕಿನಲ್ಲಿ ಸಿಕ್ಕಿದ್ರೆ ಟ್ಯಾಂಕೇ ಅಂಗಡಿಗೆ ವಾಪಸ್ ಅಂದ್ರು. ನಮ್ಮಮ್ಮ ಹೇಳಿದ್ದನ್ನ ಮಾಡೋರು. ಇನ್ನೊಂದ್ಸಲ ಒಳಗೆ ಬಂದ್ರೆ ನೋಡು ಅಂತ ಹಿಂದೊಮ್ಮೆ ಹುಂಜಕ್ಕೂ ಹೇಳಿದ್ರು. ಭಾನುವಾರ ಸಾರಾಯ್ತು.

ಮಂಗನಬಾವು

ಆಮೇಲೆ ಒಂದು ಮೀನು ತಿನ್ನೋದೇ ಬಿಟ್ಟಿತು. ಗಂಟಲು ಊದಿಸ್ಕೊಂಡು, ಬಾಯಿ ಬಿಗಿಹಿಡಿದು ಮೂಲೆ ಸೇರಿತು. ಅದು ತಿನ್ನದೆ ನನಗೂ ಊಟ ಸೇರಲಿಲ್ಲ. ಅಜ್ಜಿ ಕನ್ನಡಕ ಹಾಕ್ಕೊಂಡು ಬಂದು ನೋಡಿ, ಇದು ಮಂಗನಬಾವು ಅಂದ್ರು. ನಮ್ಮಲ್ಲಿ ಮಕ್ಕಳಿಗೆ ಮಂಗನಬಾವು ಬಂದ್ರೆ ಕೊರಳಿಗೆ ಚಿನ್ನದ ಸರ ಹಾಕ್ತಾರೆ, ಊತ ಇಳೀತದೆ ಅಂತ. ಮೀನಿಗೆ ಕೊರಳೆಲ್ಲಿದೆ ಅಜ್ಜಿ ಅಂತ ನಾನು ನಕ್ಕೆ. ಅಜ್ಜಿ ನಗಲಿಲ್ಲ.

ಮಾರನೇ ದಿನ ಅಜ್ಜಿಯ ಕೊರಳು ಬರಿದಾಗಿರೋದು ಅಮ್ಮನ ಕಣ್ಣಿಗೆ ಬಿತ್ತು. ಸರ ಎಲ್ಲಿ ಅಂತ ಅಜ್ಜಿನ ಕೇಳಲಿಲ್ಲ, ನೇರ ನನ್ನ ಕಡೆ ತಿರುಗಿದ್ರು. ದೇವರಾಣೆ ನಾನಲ್ಲ ಅಂದೆ. ನನ್ನ ಆಣೆಗೆ ನಮ್ಮನೆಲಿ ಬೆಲೆ ಇಲ್ಲ.

"ಅವನಿಗೆ ಬೈಬೇಡ," ಅಂದ್ರು ಅಜ್ಜಿ. "ಮೀನಿಗೆ ಹಾಕಿದೀನಿ."

ಟ್ಯಾಂಕಿನಲ್ಲಿ ಸರ ಕಾಣಲಿಲ್ಲ, ಮರಳಿನ ಗುಡ್ಡ ಕಂಡಿತು. ಸರ ಸಿಗಲಿ, ಆಮೇಲೆ ಇದೆ ಈ ಟ್ಯಾಂಕಿಗೆ ಅಂತ ಅಮ್ಮ ಕೈ ಹಾಕಿದ್ರು. ನನಗೆ ಹುಂಜ ನೆನಪಾಯ್ತು. ಮರಳು ಕೆದಕಿ ಕೆದಕಿ ಅಂತೂ ಸರ ಸಿಕ್ಕಿತು. ಆ ಗಲಾಟೆಗೆ ಹೆದರಿ ಮೀನು ಬಾಯಿ ಬಿಟ್ಟಿತು. ಒಳಗಿಂದ ಜೀರಿಗೆ ಕಾಳಿನಷ್ಟು ಮರಿಗಳು ಒಂದರ ಹಿಂದೊಂದು ಈಚೆ ಬಂದವು.

ಅಂಗಡಿಯವನಿಗೆ ಫೋನ್ ಮಾಡಿದೆ. ಈ ಜಾತಿಯಲ್ಲಿ ತಾಯಿ ಮೊಟ್ಟೆ ಮರಿ ಎಲ್ಲ ಬಾಯಲ್ಲೇ ಇಟ್ಕೊಂಡು ಸಾಕ್ತದೆ, ಅಲ್ಲಿವರೆಗೆ ಏನೂ ತಿನ್ನಲ್ಲ, ರೋಗ ಗೀಗ ಏನಿಲ್ಲ ಅಂದ. ನನಗೆ ಹೋದ ಜೀವ ಬಂದ ಹಾಗಾಯ್ತು. ಅಜ್ಜಿ ಮಾತ್ರ ಸರ ಒರೆಸಿ ಹಾಕ್ಕೊಂಡು, ಚಿನ್ನ ಹಾಕಿದ್ಮೇಲೆ ಊತ ಇಳೀತೋ ಇಲ್ವೋ ಅಷ್ಟು ಹೇಳು ಅಂದ್ರು.

ಟ್ಯಾಂಕ್ ಯಾವತ್ತು ವಾಪಸ್ ಅಂತ ಮೆಲ್ಲಗೆ ಅಮ್ಮನ್ನ ಕೇಳಿದೆ. ಗುರಾಯಿಸಿದ್ರು.

"ಬಾಣಂತಿನ ಯಾರಾದ್ರೂ ಮನೆಯಿಂದ ಹೊರಗೆ ಹಾಕ್ತಾರೇನೋ?"

ಸಂಜೆ ಅಡುಗೆಮನೆಗೆ ಕರೆದ್ರು. ಕೈಯಲ್ಲಿ ಸೌಟು, ಅಜ್ಜಿಗೆ ಕೇಳಿಸದ ಹಾಗೆ ಸಣ್ಣ ದನಿ.

"ಅಲ್ಲ ಮಾರಾಯ, ಬಾಣಂತಿಗೆ ಅಂತ ಒಂದು ಚೂರು ಕಾಳುಮೆಣಸಿನ ಸಾರು ಬಿಟ್ರೆ, ನೀರು ಕೆಡ್ತದಾ?"