ಷೇರಣ್ಣನ ನಡುಗುವ ಕೈ

ಎಲ್ಲಕ್ಕೂ ಮೂಲ, ದರ್ಜಿಯ ಕಿವಿಯ ಮೇಲೆ ಬಿದ್ದ ಒಂದು ಗೀರು.

ಕಿವಿ ದರ್ಜಿಯದು, ಕತ್ತರಿ ಷೇರಣ್ಣನದು. ಸಲೂನ್ ನಡೆಸುವ ಈ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಉಳಿಸಿದ್ದನ್ನೆಲ್ಲ ಷೇರುಪೇಟೆಗೆ ಸುರಿಯತೊಡಗಿದ ಮೇಲೆ ಬೀದಿಯವರು ಹೆಸರು ಬದಲಿಸಿಬಿಟ್ಟರು. ಪೇಟೆ ಬಿದ್ದ ದಿನ ಅವನ ಕೈ ನಡುಗುತ್ತಿತ್ತು. ಹಾಗಾಗಿ ಗಿರಾಕಿಗಳೂ ಜಾಣರಾಗಿದ್ದರು. ಪೇಟೆ ಏರಿದ್ದರೆ ಗಡ್ಡ ಕೆರೆಸಲು ಬರುತ್ತಿದ್ದರು, ಇಳಿದಿದ್ದರೆ ಗಡ್ಡ ಬಿಡುತ್ತಿದ್ದರು. ಕುಸಿತ ಒಂದು ವಾರ ಮುಂದುವರಿದರೆ ಸಾಕು, ಇಡೀ ಬೀದಿಗೇ ವೈರಾಗ್ಯ ಬಂದಂತೆ ಕಾಣುತ್ತಿತ್ತು.

“ಪೇಟೆ ಅಂದ್ರೆ ತಲೆಗೂದಲಿದ್ದ ಹಾಗೆ. ಎಷ್ಟು ಕತ್ತರಿಸಿದ್ರೂ ಮತ್ತೆ ಬೆಳೆಯುತ್ತೆ,” ಎಂದು ಷೇರಣ್ಣ ಎಲ್ಲರಿಗೂ ಧೈರ್ಯ ಹೇಳುತ್ತಿದ್ದ.

“ಎಲ್ಲರಿಗೂ ಬೆಳೆಯಲ್ಲ ಕಣಣ್ಣ,” ಎನ್ನುತ್ತಿದ್ದ ಪಕ್ಕದ ಟೀ ಅಂಗಡಿಯವನು, ತನ್ನ ಬೋಳುತಲೆ ಸವರಿಕೊಂಡು.

ದರ್ಜಿಯ ಕಿವಿಯ ಸುದ್ದಿ ಸಲೂನ್ ಇದ್ದ ಕಟ್ಟಡದ ಯಜಮಾನರ ಕಿವಿಗೆ ಬಿತ್ತು. ಅವರು ಕೆಲಸದಿಂದ ನಿವೃತ್ತರು. ಕಟ್ಟಡ ಬಿಟ್ಟರೆ ಬದುಕಿನಲ್ಲಿ ಎರಡನ್ನು ಜೋಪಾನವಾಗಿ ಬೆಳೆಸಿಕೊಂಡು ಬಂದಿದ್ದರು: ಬ್ಯಾಂಕಿನ ಠೇವಣಿ ಮತ್ತು ಹುರಿಮೀಸೆ.

“ನೋಡಯ್ಯಾ, ಈ ತಿಂಗಳಿಗೆ ನಿನ್ನ ಕರಾರು ಮುಗಿಯುತ್ತೆ. ಜನರ ಕಿವಿ ಕುಯ್ಯೋನಿಗೆ ನಾನು ಅಂಗಡಿ ಕೊಡಲ್ಲ. ಶುಕ್ರವಾರ ನಾನೇ ಬಂದು ಕೂರ್ತೀನಿ. ಕೈ ನಡುಗದಿದ್ರೆ ಅಂಗಡಿ ನಿಂದು. ನಡುಗಿತೋ, ಬೀಗದ ಕೈ ನಂದು,” ಎಂದರು. ಹೊರಡುವಾಗ ಉಪದೇಶವೂ ಆಯಿತು. “ನನ್ನ ನೋಡು. ದುಡ್ಡೆಲ್ಲ ಬ್ಯಾಂಕಲ್ಲಿ. ಬಡ್ಡಿ ಬರುತ್ತೆ, ನಿದ್ದೇನೂ ಬರುತ್ತೆ.”

ಬ್ಯಾಂಕುಗಳ ಹೊಸ ಬಡ್ಡಿದರ ಪ್ರಕಟವಾಗುವುದೂ ಶುಕ್ರವಾರವೇ! ದರ ಏರಿದರೆ ಷೇರು ಬೀಳುತ್ತದೆ, ದರ ಇಳಿದರೆ ಷೇರು ಏಳುತ್ತದೆ ಎಂದು ಬೀದಿಗೆಲ್ಲ ಪಾಠ ಹೇಳಿದವನು ಷೇರಣ್ಣನೇ. ಆ ಪಾಠ ನಂಬಿ ದರ್ಜಿ, ಟೀ ಅಂಗಡಿಯವನು ಇಬ್ಬರೂ ನಾಲ್ಕು ನಾಲ್ಕು ಷೇರು ಕೊಂಡಿದ್ದರು.

ಷೇರಣ್ಣನ ಹೆಂಡತಿ ಶುಕ್ರವಾರ ಬೆಳಿಗ್ಗೆಯೇ ಅವನ ಮೊಬೈಲು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. “ಷೇರು ಹೋದ್ರೆ ಹೋಗ್ಲಿ ಕಣ್ರೀ. ಅಂಗಡಿ ಹೋದ್ರೆ ಮಗಳನ್ನ ಕಾಲೇಜಿಗೆ ಕಳಿಸೋದು ಹೇಗೆ? ಡಾಕ್ಟ್ರು ಹೇಳಿದ್ದು ನೆನಪಿದೆ ತಾನೆ? ಉಸಿರು ಮೂಗಲ್ಲಿ ಎಳ್ಕೊಳ್ಳಿ, ಬಾಯಲ್ಲಿ ಬಿಡಿ.” ಅಷ್ಟಕ್ಕೇ ಬಿಡದೆ ಅಂಗಡಿಗೂ ಬಂದು ಬೆಂಚಿನ ಮೇಲೆ ಕಾವಲು ಕೂತಳು. ಅಕ್ಕಪಕ್ಕದವರಿಗೂ ಎಚ್ಚರಿಕೆ ಹೋಯಿತು. “ಇವತ್ತು ಪೇಟೆ ಅಂತ ಯಾರಾದ್ರೂ ಬಾಯಿ ಬಿಟ್ರೆ ನೋಡಿ ಮತ್ತೆ!”

ಯಜಮಾನರು ಬಂದು ಕೂತರು. ಷೇರಣ್ಣ ನೊರೆ ಹಚ್ಚಿ, ಕತ್ತಿ ಹಿಡಿದು, ಮೂಗಲ್ಲಿ ಎಳೆದು ಬಾಯಲ್ಲಿ ಬಿಟ್ಟ.

“ಏನಯ್ಯಾ, ಒಲೆ ಊದೋ ಹಾಗೆ ಮುಖಕ್ಕೆ ಊದ್ತೀಯ?”

“ನೊರೆ ಆರಲಿ ಅಂತ, ಯಜಮಾನ್ರೇ.”

ಎಡಗೆನ್ನೆ ಮುಗಿಯಿತು. ಅಷ್ಟರಲ್ಲಿ ಟೀ ಅಂಗಡಿಯವನು ಯಾರೂ ಕೇಳದ ಟೀ ಹಿಡಿದು ಒಳಬಂದ. “ಕುಡಿಯಣ್ಣ. ದುಡ್ಡು ಬೇಡ,” ಎಂದು ಲೋಟ ಇಟ್ಟು, ಷೇರಣ್ಣನ ಬೆನ್ನು ತಟ್ಟಿ ಹೋದ. ಷೇರಣ್ಣ ಲೋಟವನ್ನೇ ನೋಡಿದ. ಸಾಲ ಹೇಳಿದರೆ ಸಕ್ಕರೆ ಕಡಿಮೆ ಮಾಡುವ ಮನುಷ್ಯ ಇವನು. ಪುಕ್ಕಟೆ ಟೀ ಕೊಟ್ಟ ಎಂದರೆ ಎಂಥಾ ಅನಾಹುತವಾಗಿರಬೇಕು!

ಬಲಗೆನ್ನೆಗೆ ಬರುವಾಗ ಕನ್ನಡಿಯಲ್ಲಿ ದರ್ಜಿ ಕಾಣಿಸಿದ. ಬಾಗಿಲಾಚೆ ನಿಂತು, ಹೆಬ್ಬೆರಳನ್ನು ಕೆಳಗೆ ಮಾಡಿ ಜೋರಾಗಿ ಕುಲುಕುತ್ತಿದ್ದ.

ಇಳಿಯಿತು. ಎಲ್ಲ ಇಳಿಯಿತು. ಗಿರಾಕಿಗಳ ತಲೆ ತಲೆ ಬಾಚಿ ಕೂಡಿಸಿದ್ದು ನೀರಲ್ಲಿ ಹೋಮವಾಯಿತು. ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡಿತು. ಚೀಲವನ್ನು ಎದೆಗೆ ಅವುಚಿಕೊಂಡು, ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು. ಹೋದದ್ದು ಹೋಯಿತು, ಈ ಕುರ್ಚಿಯಾದರೂ ಉಳಿಯಲಿ ಎಂದುಕೊಂಡ. ಮೂಗಲ್ಲಿ ಎಳೆದ, ಬಾಯಲ್ಲಿ ಬಿಟ್ಟ. ಆಶ್ಚರ್ಯವೆಂದರೆ ಕೈ ಕಲ್ಲಿನ ಹಾಗೆ ನಿಂತಿತು. ಕೊನೆಗೆ ಮೀಸೆಯ ಅಂಚು ತಿದ್ದಲು ಕತ್ತಿಯನ್ನು ಮೂಗಿನ ಕೆಳಗೆ ತಂದ.

“ಭೇಷ್! ಚೂರೂ ನಡುಗಲಿಲ್ಲ,” ಎಂದರು ಯಜಮಾನರು. ಆಮೇಲೆ ಕನ್ನಡಿ ನೋಡಿ, “ಅಲ್ಲಯ್ಯಾ, ಆ ದರ್ಜಿ ಯಾಕೆ ಹಾಗೆ ಬೆರಳು ಕುಲುಕ್ತಿದಾನೆ?”

ಮೆಚ್ಚುಗೆ ಕೇಳಿ ಪರೀಕ್ಷೆ ಮುಗಿಯಿತೆಂದುಕೊಂಡ ದರ್ಜಿಗೆ ಇನ್ನು ತಡೆಯಲಾಗಲಿಲ್ಲ. “ಬಡ್ಡಿ ಇಳೀತು ಷೇರಣ್ಣ! ಒಂದು ಪರ್ಸೆಂಟ್ ಇಳೀತು! ನಮ್ಮ ಷೇರೆಲ್ಲ ಮೇಲಕ್ಕೆ!”

“ಏನು? ಬಡ್ಡಿ ಇಳೀತಾ?” ಎಂದು ಯಜಮಾನರು ಕುರ್ಚಿಯಿಂದ ಚಂಗನೆ ಎದ್ದರು. ಕತ್ತಿ ಇದ್ದಲ್ಲೇ ಇತ್ತು. ಎದ್ದದ್ದು ಮುಖ. ಬಲಗಡೆಯ ಹುರಿಮೀಸೆ ಟವೆಲಿನ ಮೇಲೆ ಬಿತ್ತು.

ಯಜಮಾನರು ಕನ್ನಡಿ ನೋಡಿದರು, ಟವೆಲ್ ನೋಡಿದರು, ಉಳಿದ ಎಡಮೀಸೆ ಸವರಿಕೊಂಡರು.

“ನ್ಯಾಯ ನ್ಯಾಯವೇ. ನಿನ್ನ ಕೈ ಅಲುಗಲಿಲ್ಲ, ಅಲುಗಿದವನು ನಾನು. ಅಂಗಡಿ ನಿನಗೇ.”

ಹೆಂಡತಿ ಕಣ್ಣೊರೆಸಿಕೊಂಡಳು. ದರ್ಜಿ ಚಪ್ಪಾಳೆ ತಟ್ಟಿದ. ಯಜಮಾನರು ಮೊಬೈಲು ತೆಗೆದು ಲೆಕ್ಕ ಹಾಕಿ ತೋರಿಸಿದರು. “ಆದ್ರೆ ಠೇವಣಿ ಬಡ್ಡೀಲಿ ತಿಂಗಳಿಗೆ ಇಷ್ಟು ಹೊಡೆತ ಬಿತ್ತಲ್ಲಯ್ಯಾ. ನಾನೂ ಊಟ ಮಾಡಬೇಕು. ಬಾಡಿಗೆಗೆ ಅದನ್ನ ಸೇರಿಸಿಬಿಡು.”

ಹೆಂಡತಿ ಚೀಲದಿಂದ ಗಂಡನ ಮೊಬೈಲು ತೆಗೆದು, ಇವತ್ತಿನ ಲಾಭ ನೋಡಿ, ಬೆರಳೆಣಿಸಿದಳು. “ರೀ, ಬಂದಿದ್ದೆಲ್ಲ ಒಂದು ವರ್ಷದ ಹೆಚ್ಚಿನ ಬಾಡಿಗೆಗೆ ಸರಿಹೋಯ್ತು. ಆಮೇಲಿನದು ನಮ್ಮ ಕೈಯಿಂದ.”

“ಹಾಗಾದ್ರೆ ಟೀ ದುಡ್ಡು?” ಎಂದ ಟೀ ಅಂಗಡಿಯವನು ಬಾಗಿಲಿಂದ.

ಯಜಮಾನರು ಮತ್ತೆ ಕೂತು, ಮುಖ ಎತ್ತಿ, ಕಣ್ಣು ಮುಚ್ಚಿದರು. “ಆಯ್ತು, ಎಡಗಡೇದೂ ತೆಗಿ.”

ಷೇರಣ್ಣ ಕತ್ತಿ ಎತ್ತಿದ. ಮೂಗಲ್ಲಿ ಎಳೆದ, ಬಾಯಲ್ಲಿ ಬಿಟ್ಟ. ಏನೂ ಪ್ರಯೋಜನವಾಗಲಿಲ್ಲ. ಕೈ ಗಡಗಡ ನಡುಗುತ್ತಿತ್ತು.

ಯಜಮಾನರು ಒಂದು ಕಣ್ಣು ತೆರೆದು ಕತ್ತಿಯನ್ನು ನೋಡಿದರು. ಮೆಲ್ಲಗೆ ಎದ್ದು, ಟವೆಲಿನಿಂದ ಮುಖ ಮುಚ್ಚಿಕೊಂಡು, “ನಾಳೆ ಬರ್ತೀನಿ ಬಿಡಯ್ಯಾ,” ಎಂದು ಅರ್ಧ ಮೀಸೆಯಲ್ಲೇ ಮನೆಗೆ ಹೊರಟರು.