ಶೇಡಣ್ಣನ ಕಂಪ್ಯೂಟರಿಗೆ ಬಣ್ಣದ ನೀರು

ಊರಿನವರ ಗೋಡೆಗಳಿಗೆಲ್ಲ ಬಣ್ಣ ಆರಿಸಿಕೊಡುವ ಶೇಡಣ್ಣನಿಗೆ ತನ್ನ ಕಂಪ್ಯೂಟರಿನ ಹೊಟ್ಟೆಗೆ ಯಾವ ಬಣ್ಣದ ನೀರು ತುಂಬಬೇಕೆಂದು ಮಾತ್ರ ತೋಚದೇ ಹೋಯಿತು. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅವನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು.

ಶೇಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಅವನ ಪೇಂಟ್ ಅಂಗಡಿಗೆ ಗಂಡ ಹೆಂಡತಿ ಕಿತ್ತಾಡುತ್ತಲೇ ಬರುವರು. ಅವಳಿಗೆ ನೀಲಿ, ಇವನಿಗೆ ಬೂದು. ಶೇಡಣ್ಣ ಬಣ್ಣಗಳ ಮಾದರಿಯಿರುವ ಶೇಡ್ ಕಾರ್ಡ್ ಬಿಡಿಸಿ, "ಮೇಡಮ್, ಇದು ನೀಲೀನೂ ಅಲ್ಲ, ಬೂದೂನೂ ಅಲ್ಲ. ಇದು ಮೇಘಮಂದಾರ" ಎನ್ನುವನು. ಆ ಹೆಸರು ಕಾರ್ಡಿನಲ್ಲಿ ಎಲ್ಲೂ ಇರುವುದಿಲ್ಲ. ಆದರೂ ಇಬ್ಬರೂ ಒಂದೇ ಡಬ್ಬ ಹೊತ್ತುಕೊಂಡು ನಗುತ್ತಾ ಹೋಗುವರು. ಇಂತಹ ಶಾಂತಿಸ್ಥಾಪಕನ ಮನೆಯಲ್ಲಿ ಮಾತ್ರ ಹೆಂಡತಿ ಅವನ ಒಂದು ಬಣ್ಣವನ್ನಾದರೂ ಚೆನ್ನಾಗಿದೆ ಎಂದವಳಲ್ಲ. ಮಲಗುವ ಕೋಣೆಗೆ ಅವನು ಪ್ರೀತಿಯಿಂದ ಬಳಿಸಿದ 'ಹಿಮಚಂದ್ರಿಕೆ'ಯನ್ನು ನೋಡಿ, "ರಕ್ತ ಕಮ್ಮಿ ಇರೋರ ಮುಖದ ಹಾಗಿದೆ" ಎಂದು ಹೇಳಿ ಮಲಗಿಬಿಟ್ಟಿದ್ದಳು. ಆ ಒಂದು 'ಚೆನ್ನಾಗಿದೆ' ಕೇಳಿಸಿಕೊಳ್ಳದೆ ಸಾಯಬಾರದು ಎಂದು ಅವನು ಅಂದೇ ತೀರ್ಮಾನಿಸಿದ್ದ.

ಅದಕ್ಕೇ ಈ ಕಂಪ್ಯೂಟರು. ಬಿಡಿಬಿಡಿ ಭಾಗ ತರಿಸಿ ಅವನೇ ಕೈಯಾರೆ ಜೋಡಿಸಿದ್ದು. ಒಂದು ಪಕ್ಕ ಪೂರ್ತಿ ಗಾಜು. ಒಳಗೆ ಗಾಜಿನ ಕೊಳವೆಗಳು, ಪುಟ್ಟದೊಂದು ಟ್ಯಾಂಕು, ಅದಕ್ಕೊಂದು ಪಂಪು. ಕಂಪ್ಯೂಟರಿನ ತಲೆ ಬಿಸಿಯಾದಾಗ ಕೊಳವೆಯಲ್ಲಿ ಸುತ್ತುವ ಕೂಲೆಂಟ್ ಎಂಬ ಬಣ್ಣದ ದ್ರವ ಆ ಬಿಸಿಯನ್ನು ಹೊತ್ತೊಯ್ದು ತಂಪು ಮಾಡಬೇಕು.

"ಎಲ್ಲರ ಮನೆ ಕಂಪ್ಯೂಟರ್‌ಗೂ ಫ್ಯಾನ್ ಇರುತ್ತಲ್ರೀ. ಗಾಳಿ ಸಾಲ್ದಾ?" ಎಂದಳು ಹೆಂಡತಿ.

"ಗಾಳಿ ಕಾಣಲ್ವಲ್ಲ ಕಣೇ."

ಗಿರಾಕಿಗಳ ಮನೆಗೆ ಬಣ್ಣ ಹೊಡೆದರೆ ಹೇಗೆ ಕಾಣುತ್ತದೆಂದು ತೆರೆಯ ಮೇಲೆ ತೋರಿಸುವುದು ಯಂತ್ರದ ಘೋಷಿತ ಉದ್ದೇಶ. (ನಿಜದಲ್ಲಿ ಅವನು ಆಡಲಿದ್ದುದು ಇಸ್ಪೀಟು. ಆ ಆಟದಿಂದ ಯಾರ ತಲೆಯೂ ಬಿಸಿಯಾದ ದಾಖಲೆ ಇಲ್ಲ, ಆಡುವವರದ್ದೂ ಸೇರಿ.)

ಕೂಲೆಂಟಿನ ಸ್ಯಾಂಪಲ್ ಬಾಟಲಿಗಳು ಬಂದವು. ಶೇಡಣ್ಣ ಅವನ್ನು ಕಿಟಕಿಯ ಬಿಸಿಲಿಗೆ ಸಾಲಾಗಿ ಇಟ್ಟು, ಹೆಂಡತಿಯನ್ನು ಕರೆದು, ಮೊದಲು ಕೆಂಪನ್ನು ಎತ್ತಿ ತೋರಿಸಿದ.

"ಇದು ಮಾಣಿಕ್ಯಧಾರೆ."

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ ಒಮ್ಮೆ ಓರೆ ಮಾಡಿದಳು. "ಬಿ ಪಾಸಿಟಿವ್."

"ನೋಡಿದ್ರೇನೇ ಗುಂಪು ಗೊತ್ತಾಗುತ್ತಾ?"

"ಇಲ್ಲ, ತಮಾಷೆಗೆ ಅಂದೆ. ಆದ್ರೆ ಇದು ಹಾಲ್‌ನಲ್ಲಿ ಗಿರಗಿರ ಸುತ್ತುತ್ತಾ ಇದ್ರೆ ಡಯಾಲಿಸಿಸ್ ರೂಮಲ್ಲಿ ಕೂತ ಹಾಗೆ ಆಗುತ್ತೆ. ನನಗೆ ಹಗಲೆಲ್ಲಾ ಅದೇ ಸಾಕು."

ಶೇಡಣ್ಣ ಮುತ್ತಿನ ಹೊಳಪಿನ ಬಿಳಿಯನ್ನು ಎತ್ತಿದ. "ಕ್ಷೀರಮೌಕ್ತಿಕ."

"ಕೀವು."

"ಈ ಹಸಿರು? ಮರಕತ..."

"ಪಿತ್ತ. ಆಪರೇಷನ್ ಆದ್ಮೇಲೆ ಟ್ಯೂಬ್ ಹಾಕಿರ್ತಾರಲ್ಲ, ಅದರಲ್ಲಿ ಇಳಿಯೋದು ಇದೇ."

ನಸುಗುಲಾಬಿಗೆ ಅವನು ಹೆಸರು ಹೇಳುವ ಮೊದಲೇ ಅವಳು ಯಾರದೋ ವಸಡಿನ ಸಮಾಚಾರ ಎತ್ತಿದಳು. ಮನುಷ್ಯನ ಮೈಯೊಳಗೆ ಇಷ್ಟೊಂದು ಬಣ್ಣಗಳಿವೆ ಎಂದು ಮೊದಲೇ ತಿಳಿದಿದ್ದರೆ ಅಂಗಡಿಯಲ್ಲಿ ಶೇಡ್ ಕಾರ್ಡ್ ಇಡುವ ಅಗತ್ಯವೇ ಇರಲಿಲ್ಲ ಎಂದುಕೊಂಡ ಶೇಡಣ್ಣ. ಅವನಿಗೆ ಊಟ ಸೇರದಾಯಿತು. ಕಂಪ್ಯೂಟರು ಹಾಲಿನಲ್ಲಿ ಒಣಗಿಕೊಂಡೇ ಕುಳಿತಿತ್ತು.

ಕೊನೆಗೆ ಹೆಂಡತಿಯೇ ಗಡುವು ಹಾಕಿದಳು. "ಭಾನುವಾರ ನಮ್ಮ ದೊಡ್ಡ ಡಾಕ್ಟ್ರು ಊಟಕ್ಕೆ ಬರ್ತಿದಾರೆ. ಅಷ್ಟರಲ್ಲಿ ಇದು ಓಡಬೇಕು, ಇಲ್ಲಾ ಅಟ್ಟ ಹತ್ತಬೇಕು. ಇದೇನಮ್ಮಾ ಅಂತ ಅವ್ರು ಕೇಳಿದ್ರೆ ಖಾಲಿ ಮೀನಿನ ತೊಟ್ಟಿ ಅನ್ನಲಾ?"

ಶೇಡಣ್ಣ ಉಳಿದಿದ್ದ ಬಾಟಲಿಗಳ ಹಿಂದಿನಿಂದ ಗಾಢ ನೇರಳೆಯೊಂದನ್ನು ತೆಗೆದ. ಹೆಸರಿಡುವ ಧೈರ್ಯವೂ ಇರಲಿಲ್ಲ. ಸುಮ್ಮನೆ ಕೈಚಾಚಿದ. ಅವಳು ಬೆಳಕಿಗೆ ಹಿಡಿದಳು. ಓರೆ ಮಾಡಿದಳು. ಮುಖ ಅರಳಿತು.

"ಇದು ಕಾಯಿಲೆ ಅಲ್ಲ ಕಣ್ರೀ! ಕಾಯಿಲೆ ಕಂಡುಹಿಡಿಯೋಕೆ ನಾವು ಸ್ಲೈಡ್ ಮೇಲೆ ಹಾಕ್ತೀವಲ್ಲ, ಆ ಬಣ್ಣ. ಇದು ಬಿದ್ದ ತಕ್ಷಣ ಕಳ್ಳ ಕ್ರಿಮಿ ಎಲ್ಲಿದ್ರೂ ಎದ್ದು ಕಾಣುತ್ತೆ." ಆಮೇಲೆ ಬಾಟಲಿಯನ್ನು ಅವನ ಕೈಗಿಡುತ್ತಾ, "ಚೆನ್ನಾಗಿದೆ" ಎಂದಳು.

ಶೇಡಣ್ಣನ ಕಣ್ಣು ತುಂಬಿ ಬಂತು. ಆ ಸಂಜೆಯೇ ನೇರಳೆ ಕೊಳವೆಗಳಲ್ಲಿ ಹರಿಯಿತು. ಹೆಂಡತಿ ಹೋಗುತ್ತಾ ಬರುತ್ತಾ ನೋಡಿದಳು. ಲ್ಯಾಬಿನಲ್ಲೂ ಎಲ್ಲರ ಮುಂದೆ, "ನಮ್ಮನೆಯವರೇ ಆರಿಸಿದ್ದು, ಬಣ್ಣದ ವಿಷಯದಲ್ಲಿ ಅವ್ರನ್ನ ಮೀರಿಸೋರಿಲ್ಲ" ಎಂದು ಹೇಳಿಕೊಂಡು ಬಂದಳಂತೆ. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬುದ್ಧಿಯಿದ್ದ ಗಂಡಸಾಗಿದ್ದರೆ ಮುಗಿಯುತ್ತಿತ್ತು ಕೂಡ.

ಆದರೆ ಶೇಡಣ್ಣನಿಗೆ ದುರಾಸೆ ಹುಟ್ಟಿತು. ಇಷ್ಟಕ್ಕೇ 'ಚೆನ್ನಾಗಿದೆ' ಆದರೆ, ಇನ್ನೊಂದು ಚೂರು ಗಾಢವಾದರೆ 'ತುಂಬಾ ಚೆನ್ನಾಗಿದೆ' ಆಗಬಾರದೇಕೆ? ಶನಿವಾರ ಅಂಗಡಿಯಿಂದ ಗೋಡೆಯ ಬಣ್ಣಕ್ಕೆ ಬೆರೆಸುವ ಸ್ಟೇನರ್ ತಂದ. ಹೆಂಡತಿ ಲ್ಯಾಬಿಗೆ ಹೋಗಿದ್ದಾಗ ಟ್ಯಾಂಕಿಗೆ ತೊಟ್ಟಿಕ್ಕಿಸಿದ. ಗಿರಾಕಿಯ ಡಬ್ಬಕ್ಕೆ ಹಾಕುವಾಗ ತೊಟ್ಟು ಲೆಕ್ಕವಿಡುವ ಮನುಷ್ಯ, ಪ್ರೀತಿಯ ಭರದಲ್ಲಿ ಬಾಟಲಿಯನ್ನೇ ಬೋರಲು ಹಾಕಿದ.

ಭಾನುವಾರ ಬೆಳಿಗ್ಗೆ ನೋಡಿದರೆ ನೇರಳೆಯೆಲ್ಲ ಒಡೆದ ಹಾಲಿನಂತೆ ಗಡ್ಡೆಕಟ್ಟಿ ಟ್ಯಾಂಕಿನ ತಳ ಸೇರಿತ್ತು. ಮೇಲೆ ಉಳಿದದ್ದು ಕಡು ಹಳದಿ ನೀರು. ಅದರಲ್ಲಿ ತೇಲುವ ಪೊರೆಗಳು. ಶೇಡಣ್ಣ ಕಂಪ್ಯೂಟರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟು, ತಾನೂ ಅದಕ್ಕೆ ಅಡ್ಡವಾಗಿ ನಿಂತ.

ಡಾಕ್ಟರು ಬಂದವರೇ, "ಎಲ್ಲಮ್ಮಾ ಆ ಕಂಪ್ಯೂಟರ್? ವಾರವಿಡೀ ಅದೇ ಮಾತಲ್ಲ!" ಎಂದರು. ಹೆಂಡತಿ ಹೆಮ್ಮೆಯಿಂದ ಶೇಡಣ್ಣನನ್ನು ಪಕ್ಕಕ್ಕೆ ಸರಿಸಿ, ಯಂತ್ರವನ್ನು ತಿರುಗಿಸಿ, ಸ್ವಿಚ್ ಒತ್ತಿದಳು.

ಪಂಪು ಒಮ್ಮೆ ನರಳಿತು. ಹಳದಿ ನೀರು ಸ್ವಲ್ಪ ಹರಿದು, ನಿಂತು, ಮತ್ತೆ ಹರಿಯಿತು. ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು.

"ಯಾವಾಗಿಂದ ಹೀಗಿದೆ?"

"ನಿನ್ನೆಯಿಂದ, ಡಾಕ್ಟ್ರೇ," ಎಂದ ಶೇಡಣ್ಣ.

"ಮೈ ಬಿಸಿ ಇದೆಯಾ?"

"ಮುಟ್ಟೋಕಾಗಲ್ಲ."

"ಮಧ್ಯೆ ಮಧ್ಯೆ ನಿಂತು ನಿಂತು ಹೋಗುತ್ತಾ?"

"ಹೋಗುತ್ತೆ."

"ದಾರಿ ಕಟ್ಟಿದೆ. ಪೂರ್ತಿ ತೊಳೆದು ಬರೀ ನೀರು ಕೊಡಿ," ಎಂದು ಹೇಳಿ ಡಾಕ್ಟರು ಕೈ ತೊಳೆದುಕೊಂಡು ಊಟಕ್ಕೆ ಕುಳಿತರು.

ಡಾಕ್ಟರು ಊಟ ಮುಗಿಸಿ ಹೊರಟರು. ಅವರು ಹೋದ ಮೇಲೆ ಹೆಂಡತಿ ಬಾಗಿಲು ಹಾಕಿ ಬಂದು ನಿಂತಳು.

"ಏನ್ ಹಾಕಿದ್ರಿ ಅದಕ್ಕೆ?"

"ಸ್ಟೇನರ್ರು."

"ಯಾಕೆ?"

"ನೀನು ಚೆನ್ನಾಗಿದೆ ಅಂದೆ."

"ಅಂದ್ರೆ?"

"ಇನ್ನೊಂದ್ಸಲ ಅನ್ನಲಿ ಅಂತ."

ಅವಳು ಅಡುಗೆಮನೆಗೆ ಹೋದಳು. ಬಾಟಲಿ ತೊಳೆಯುವ ಉದ್ದನೆಯ ಬ್ರಷ್ಷು ತಂದು ಅವನ ಕೈಗೆ ಕೊಟ್ಟಳು.

ವಾರವಿಡೀ ತೊಳೆದು, ಶೇಡಣ್ಣ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ತುಂಬಿದ. ಬಣ್ಣವಿಲ್ಲ, ಹೊಳಪಿಲ್ಲ, ನೀರು ಹರಿಯುತ್ತಿದೆಯೋ ಇಲ್ಲವೋ ಎಂಬುದೂ ತಿಳಿಯುವಂತಿಲ್ಲ. ಹೆಂಡತಿಯನ್ನು ಕರೆದ. ಅವಳು ಬಂದು, ಬಗ್ಗಿ, ಬೆಳಕಿಗೆ ಕಣ್ಣು ಕಿರಿದು ಮಾಡಿ, ಕೊಳವೆಗಳನ್ನು ಒಂದೊಂದಾಗಿ ಪರೀಕ್ಷಿಸಿದಳು.

"ನಾರ್ಮಲ್" ಎಂದು ಹೇಳಿ ಒಳಗೆ ಹೋದಳು.

ಲ್ಯಾಬಿನವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದೇ ಇಲ್ಲ ಎಂದು ಶೇಡಣ್ಣ ಅಂಗಡಿಗೆ ಬಂದವರಿಗೆಲ್ಲ ವಿವರವಾಗಿ ಹೇಳುತ್ತಾನೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಶೇಡ್ ಕಾರ್ಡ್ ಇದ್ದರೆ ಕೊಡಿ ಎನ್ನುತ್ತಾರೆ.